ಆಕಾಶದ ಇಂಟರ್ನೆಟ್, ಪಡಸಾಲೆಯ ಫ್ಯಾನ್

ಶಿರಹಟ್ಟಿ ದಾಟಿ ಹೊಲಗಳ ನಡುವೆ ನಮ್ಮ ಮನೆ. ಗದಗ ಜಿಲ್ಲೆಯಾಗಿ ಇಷ್ಟು ವರ್ಷವಾದರೂ ಮೊಬೈಲ್ ಸಿಗ್ನಲ್ ಬೇಕೆಂದರೆ ನಾವು ಮಾಳಿಗೆ ಹತ್ತಿ ನೀರಿನ ಟಾಕಿಯ ಪಕ್ಕ ನಿಲ್ಲಬೇಕಿತ್ತು. ಇಂಟರ್ನೆಟ್ಟಿನಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಕೆಲಸಕ್ಕೆ ನಾನು ಅರ್ಜಿ ಹಾಕಿದೆ. ಒಂದು ಪಾಠ ಮಾಡಿ ತೋರಿಸಿ ಗೆದ್ದರೆ ಕೆಲಸ ನನ್ನದು. ಮದುವೆಯಾದ ಮೇಲೆ ನನಗಾಗಿ ಕೇಳಿದ್ದು ಅದೊಂದೇ. ನಮ್ಮವರು ಉಪಗ್ರಹದಿಂದ ಬರುವ ಇಂಟರ್ನೆಟ್ ಹಾಕಿಸಿದರು.

ಅದನ್ನು ಜೋಡಿಸಲು ಗದಗಿನಿಂದ ಬಂದವನು ಮಾಳಿಗೆಯ ಮೇಲೆ, ಅತ್ತೆ ಒಣಹಾಕಿದ್ದ ಹೊದೆಯುವ ಕೌದಿಗಳ ನಡುವೆ ಬಿಳಿ ಡಿಶ್ ತಟ್ಟೆ ನಿಲ್ಲಿಸಿದ. ಅಡ್ಡ ಬರುತ್ತದೆಂದು ಬೇವಿನ ಟೊಂಗೆ ಕಡಿಸಿದ. ನಾನು ಕೇಳಿದೆ, “ಕರೆಂಟ್ ಹೋದ್ರ ಹೆಂಗ್ರಿ?”

ಅವನು ನನ್ನ ಕಡೆ ನೋಡಲೂ ಇಲ್ಲ. ಉತ್ತರ ಕೊಟ್ಟವರು ನಮ್ಮವರು: “ಆಕಾಶದಿಂದ ಬರೂದಕ್ಕ ಕರೆಂಟಿನ ಹಂಗ್ಯಾಕ? ನೀ ಇಂಗ್ಲಿಷ್ ನೋಡ್ಕೊ.”

ಬಂದವನು ನಕ್ಕ, ತಿದ್ದಲಿಲ್ಲ. ಒಂದೇ ಮಾತು ಎರಡು ಸಲ ಕೇಳುವುದು ಅಸಭ್ಯ ಎಂದು ಕಾನ್ವೆಂಟಿನಲ್ಲಿ ಕಲಿತವಳು ನಾನು. ಇಂಗ್ಲಿಷ್ ನೋಡಿಕೊಳ್ಳಲು ಒಳಗೆ ಹೋದೆ.

ಪಾಠದ ದಿನ, ಕುಕ್ಕರ್ ಸೀಟಿ ಹೊಡೆಯಬಾರದೆಂದು ಅತ್ತೆ ಗ್ಯಾಸ್ ಆರಿಸಿ ಕೋಣೆಯ ಬಾಗಿಲಲ್ಲಿ ಕೂತರು. ಲ್ಯಾಪ್‌ಟಾಪ್ ಪರದೆಯ ಮೇಲೆ ಮುಂದಿನ ಹಲ್ಲು ಬಿದ್ದ ಹುಡುಗಿ “ಬಟರ್‌ಫ್ಲೈ” ಅನ್ನಲು ಬಾಯಿ ತೆರೆದಿದ್ದಳು. ಕರೆಂಟ್ ಹೋಯಿತು. ಇಂಟರ್ನೆಟ್ ಡಬ್ಬಿಯ ದೀಪ ಆರಿತು.

ಪಡಸಾಲೆಯಲ್ಲಿ ಇನ್ವರ್ಟರಿನ ಫ್ಯಾನ್ ಹಾಯಾಗಿ ತಿರುಗುತ್ತಿತ್ತು, ಕೆಳಗೆ ನಮ್ಮವರು. ನನ್ನ ಕೋಣೆಗೆ ಆ ಲೈನೇ ಇರಲಿಲ್ಲ. ಡಬ್ಬಿಯನ್ನು ಅಲ್ಲಿಗೆ ಒಯ್ಯೋಣವೆಂದರೆ ತಟ್ಟೆಯ ವೈರ್ ಸಾಲದು. ಕರೆಂಟ್ ಬಂದು, ತಟ್ಟೆ ಮತ್ತೆ ಉಪಗ್ರಹ ಹುಡುಕಿಕೊಳ್ಳುವಷ್ಟರಲ್ಲಿ ಪಾಠದ ಹೊತ್ತು ಮುಗಿದಿತ್ತು.

“ಹೋಗ್ಲಿ ಬಿಡು, ನಿನಗ್ಯಾಕ ಕೆಲಸ?” ಎಂದರು ನಮ್ಮವರು.

“ಆಕಿ ಅವತ್ತ ಕೇಳಿದ್ಲಲ್ಲೋ! ಕಿವಿ ಎಲ್ಲಿ ಇಟ್ಟಿದ್ದಿ?” ಅತ್ತೆ ಮಗನ ಮೇಲೆ ಹರಿಹಾಯ್ದರು.

ಇನ್ನೊಂದು ಪಾಠಕ್ಕೆ ಅವಕಾಶ ಕೊಡಿ ಎಂದು ಕೆಲಸ ಕೊಡುವವರಿಗೆ ಬರೆದೆ. ಎರಡನೆಯ ಸಲ ಕೇಳುವುದು ಅಸಭ್ಯವಾದರೆ ಆಗಲಿ! ಕೊಟ್ಟರು. ವೈರಿಂಗ್‌ನವನನ್ನು ಕರೆಸಿ, ಇನ್ವರ್ಟರಿನಿಂದ ಫ್ಯಾನ್ ಬಿಡಿಸಿ, ಆ ಲೈನನ್ನು ನನ್ನ ಕೋಣೆಗೆ ಎಳೆಸಿದೆ.

ಎರಡನೆಯ ಪಾಠದ ನಡುವೆಯೂ ಕರೆಂಟ್ ಹೋಯಿತು. ಡಬ್ಬಿಯ ದೀಪ ಆರಲಿಲ್ಲ. ಪಡಸಾಲೆಯಿಂದ ಕೂಗು ಬಂತು: “ಲೇ, ಫ್ಯಾನ್ ಯಾಕ ನಿಂತತಿ?”

ಮೈಕ್ ಬಂದ್ ಮಾಡಿ ಹೇಳಿದೆ, “ಮಾಳಿಗಿ ಮ್ಯಾಲೆ ಹೋಗಿ ಕುಂಡ್ರಿ. ಗಾಳೀನೂ ಆಕಾಶದಿಂದನ ಬರತೈತಿ.”

ಮೈಕ್ ತೆರೆದು ಪಾಠ ಮುಂದುವರಿಸಿದೆ.