ಕಂಬ ನೆಟ್ಟಗಿತ್ತು

ಮಾವಶಿಯ ಬಲಗಣ್ಣಿನ ರೆಪ್ಪೆಗೆ ಕೂದಲೇ ಇರಲಿಲ್ಲ. ಎಡಗಣ್ಣಿಗೆ ದಟ್ಟವಾಗಿದ್ದವು. ಬಲಗಣ್ಣಿನ ಅಂಚು ಮಾತ್ರ ನುಣ್ಣಗಾಗಿ, ಹುಬ್ಬಿನ ತುದಿಯವರೆಗೆ ಚರ್ಮ ಸುಕ್ಕುಗಟ್ಟಿತ್ತು. ಮಾತಾಡಲು ಬಂದವರು ಆ ಕಣ್ಣನ್ನು ನೋಡದೇ ಇರಲು ಒದ್ದಾಡುತ್ತಿದ್ದರು. ಯಾರಾದರೂ ಬಾಯಿಬಿಟ್ಟು ಕೇಳಿದರೆ "ಕಿಡಿ ಹಾರಿತ್ತರಿ" ಎಂದಷ್ಟೇ ಹೇಳಿ, ಎದುರಿಗೆ ಕೂತ ಗಿರಾಕಿಯ ಕಾಲರ್ ಸರಿಮಾಡಲು ಹೋಗಿಬಿಡುತ್ತಿದ್ದಳು.

ನನಗೆ ಆಕೆ ರಕ್ತಸಂಬಂಧಿಯಲ್ಲ. ಇಚಲಕರಂಜಿಯ ನಮ್ಮ ಗಲ್ಲಿಯ ತುದಿಗೆ ಆಕೆಯ ಫೋಟೋ ಸ್ಟುಡಿಯೋ ಇತ್ತು, ಗಲ್ಲಿಗೆಲ್ಲ ಆಕೆ ಮಾವಶಿ, ಅಂದರೆ ಚಿಕ್ಕವ್ವ, ನನಗೂ ಮಾವಶಿ. ಶಿರೋಳ ಕಡೆಯ ಜೈನರ ಮನೆಯವಳು. ಮನೆಯೊಳಗೆ ಕನ್ನಡ, ಗಿರಾಕಿ ಮೆಟ್ಟಿಲು ಹತ್ತಿದ ಕೂಡಲೇ ಮರಾಠಿ. ಗಂಡ ತೀರಿಕೊಂಡ ಮೇಲೂ ಅಂಗಡಿಯ ಬಾಗಿಲು ಹೆಚ್ಚು ದಿನ ಮುಚ್ಚಲಿಲ್ಲ ಎಂದು ಜನ ಇನ್ನೂ ಆಡಿಕೊಳ್ಳುತ್ತಿದ್ದರು. ನಮ್ಮಪ್ಪ ರಾಯಬಾಗದ ಕಡೆಯಿಂದ ಬಂದು ಮಗ್ಗದ ಶೆಡ್ಡಿನಲ್ಲಿ ಕೆಲಸಕ್ಕೆ ನಿಂತವರು. ಗಂಡನ ಮನೆ ಸಾಕಾಗಿ, ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ತವರಿಗೆ ಮರಳಿದ ನಾನು ಮಾವಶಿಯ ಕೈಕೆಳಗೆ ಸೇರಿದೆ. ಮಗ್ಗದ ಸದ್ದಿಗಿಂತ ಆಕೆಯ ಬಾಯಿ ಮೆದುವಾಗಿರಬಹುದು ಎಂಬುದು ನನ್ನ ಅಂದಾಜು. ಅಂದಾಜು ಪೂರಾ ತಪ್ಪಿತ್ತು.

ಹೊತ್ತು ಮುಳುಗುವ ಮುಂಚೆ ಉಂಡುಬಿಡುವುದು ಆಕೆಯ ನೇಮ. ಮದುವೆಮನೆಯಲ್ಲಿ ಎಷ್ಟು ಒತ್ತಾಯ ಮಾಡಿದರೂ "ನಂದು ಆಗೇತ್ರಿ" ಎಂದು ಕೈಮುಗಿಯುತ್ತಿದ್ದಳು. ಪಟಾಕಿಯನ್ನಂತೂ ಕೈಯಿಂದ ಮುಟ್ಟುತ್ತಿರಲಿಲ್ಲ. "ಹುಳಾ ಹುಪ್ಪಡಿ ಸಾಯ್ತಾವ" ಎನ್ನುತ್ತಿದ್ದಳು. ಅದು ಧರ್ಮದ ಮಾತು ಎಂದು ನಾನೂ ನಂಬಿದ್ದೆ. ಆದರೆ ಆಕಾಶದಲ್ಲಿ ಸಿಡಿಯುವ ಮದ್ದಿನ ಫೋಟೋ ತೆಗೆಯುವುದರಲ್ಲಿ ಆಕೆಯನ್ನು ಮೀರಿಸುವವರು ನಮ್ಮೂರಲ್ಲಿ ಇರಲಿಲ್ಲ. ಮುಟ್ಟಲೂ ಒಲ್ಲದ ವಸ್ತುವಿನ ಬೆನ್ನು ಹತ್ತಿ ಯಾಕೆ ಹೋಗುತ್ತಾಳೋ ನನಗೆ ಬಗೆಹರಿಯುತ್ತಿರಲಿಲ್ಲ. ಹೋದಲ್ಲಿ ಮೊದಲು ನೆಲ ತುಳಿದು ನೋಡುತ್ತಿದ್ದಳು. ಆಮೇಲೆ ಸೆರಗಿನ ತುದಿ ಎತ್ತಿ ಹಿಡಿದು ಗಾಳಿ ಯಾವ ಕಡೆ ಎಂದು ನೋಡುತ್ತಿದ್ದಳು. ಹೊರಗೆ ಹೋಗುವ ದಾರಿ ಎಲ್ಲಿದೆ ಎಂದು ಕೇಳಿಟ್ಟುಕೊಂಡ ಮೇಲೆಯೇ ಕ್ಯಾಮೆರಾದ ಚೀಲ ಬಿಚ್ಚುವುದು. ಆ ಹೊತ್ತಿನಲ್ಲಿ ಆಕೆಯ ಮುಖದಲ್ಲಿ ಹಬ್ಬದ ಕಳೆ ಇರುತ್ತಿರಲಿಲ್ಲ, ಯಾರದೋ ಆಪರೇಷನ್ ಮುಗಿಯಲಿ ಎಂದು ಬಾಗಿಲ ಹೊರಗೆ ಕಾಯುವವರ ಮುಖ ಅದು.

ನಾನು ಮೊದಲ ಸಲ ತೆಗೆದ ಮದ್ದಿನ ಫೋಟೋ ನೋಡಿ "ಇದೇನ ಪೋರಿ, ಆಕಾಶದಾಗ ಕಡಬು ತೇಲಿಬಿಟ್ಟಿ?" ಎಂದಿದ್ದಳು. ನಿಜಕ್ಕೂ ಬಿಳಿ ಮುದ್ದೆಗಳೇ ಬಿದ್ದಿದ್ದವು. ಆಮೇಲೆ ಒಂದೊಂದೇ ತಪ್ಪು ಹಿಡಿಯುತ್ತ ಬಂದಳು. ಐಎಸ್‌ಓವನ್ನು ಅಂದರೆ ಬೆಳಕು ಹೀರುವ ಅಳತೆಯನ್ನು ನಾನು ಕ್ಯಾಮೆರಾದ ಮರ್ಜಿಗೆ ಬಿಟ್ಟಿದ್ದೆ, ಅದನ್ನು ನೂರಕ್ಕೆ ಇಳಿಸಿದಳು. ಲೆನ್ಸಿನ ಬಾಯಿ ಕಿರಿದು ಮಾಡಿದಳು. ಕತ್ತಲಲ್ಲಿ ಫೋಕಸ್ ತಡಕಾಡುತ್ತಿತ್ತು. ದೂರದ ದೀಪವೊಂದಕ್ಕೆ ಕೈಯಿಂದಲೇ ಫೋಕಸ್ ಹೊಂದಿಸಿ, ಮತ್ತೆ ತಿರುಗದ ಹಾಗೆ ಟೇಪು ಸುತ್ತಿದಳು. ರಿಮೋಟಿನ ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದೇ ಇರುವಂತೆ ಇಟ್ಟಳು. ಒಂದು ಮದ್ದಿನ ಗುಂಡು ಸಿಡಿದು ಆರಿದ ಕೂಡಲೇ ಲೆನ್ಸಿನ ಮುಂದೆ ಕರಿ ಕಾಗದ ಹಿಡಿಯಬೇಕು, ಮುಂದಿನದು ಏಳುವಾಗ ಸರಿಸಬೇಕು. ಹಾಗೆ ಮಾಡಿದರೆ ಒಂದೇ ಚಿತ್ರದಲ್ಲಿ ಮೂರು ಹೂವು ಅರಳುತ್ತವೆ.

ಎರಡು ಮಾತು ಮಾತ್ರ ಮತ್ತೆ ಮತ್ತೆ ಹೇಳುತ್ತಿದ್ದಳು. ಮೊದಲನೆಯದು, "ನೆಟ್ಟಗಿರೂದು ಏನರ ಒಂದು ಫೋಟೋದಾಗ ಇರಬೇಕು. ಕಂಬರ ಇರಲಿ, ಚಿಮಣಿರ ಇರಲಿ."

"ಯಾಕ್ರಿ ಮಾವಶಿ?"

"ಇರಬೇಕಂದ್ರ ಇರಬೇಕು."

ಎರಡನೆಯದು ಮೊಬೈಲಿನ ಟಾರ್ಚ್. ಕತ್ತಲಲ್ಲಿ ಕ್ಯಾಮೆರಾದ ಮುಂದೆ ಯಾರು ಓಡಾಡಿದರೂ ಫೋಟೋದಲ್ಲಿ ಬೀಳುವುದಿಲ್ಲ. ಆದರೆ ಕೈಯಲ್ಲಿ ದೀಪವಿದ್ದರೆ ಅವರು ನಡೆದ ದಾರಿಯೆಲ್ಲ ಬಿಳಿ ಗೆರೆಯಾಗಿ ಕೂತುಬಿಡುತ್ತದೆ. "ಟಾರ್ಚ್ ಹಚ್ಚಿದ್ರ ಕೈ ಮುರೀತೇನಿ" ಎಂದು ಮದುಮಗನ ಅಪ್ಪನಿಗೂ ಹೆದರಿಸಿದ ಹೆಂಗಸು ಆಕೆ.

ಆ ವರ್ಷ ದೀಪಾವಳಿಗೂ ಮಳೆ ಬಿಟ್ಟಿರಲಿಲ್ಲ. ಅಪ್ಪ ದುಡಿಯುತ್ತಿದ್ದ ಶೆಡ್ಡಿನ ಮಾಲಕರು ಯಡ್ರಾವದಲ್ಲಿ ಹೊಸ ಶೆಡ್ ಕಟ್ಟಿದ್ದರು. ಲಕ್ಷ್ಮೀಪೂಜೆಯ ಸಂಜೆ ಕೆಲಸಗಾರರ ಮನೆಯವರನ್ನೆಲ್ಲ ಕರೆದು, ಪಕ್ಕದ ಬಯಲಲ್ಲಿ ಮದ್ದು ಹಾರಿಸುವ ಏರ್ಪಾಡು ಮಾಡಿದರು. ಬಯಲಿನ ಬಲಗಡೆ ಜಮಖಾನ ಹಾಸಿ ಹೆಂಗಸರನ್ನೂ ಮಕ್ಕಳನ್ನೂ ಕೂರಿಸಿದ್ದರು. ಎಲ್ಲರಿಗಿಂತ ಮುಂದೆ ನಮ್ಮವ್ವ, ಅವಳ ತೊಡೆಯ ಮೇಲೆ ನನ್ನ ಮಗಳು. ಎಡಗಡೆ, ಕಬ್ಬಿನ ಅಂಚಿಗೆ, ಮದ್ದಿನವನು ಕೊಳವೆ ನೆಟ್ಟಿದ್ದ. ಗುಂಡು ಹಾರಿದ ಮೇಲೆ ಅದೇ ಕೊಳವೆಗೆ ಇನ್ನೊಂದನ್ನು ಇಳಿಸುತ್ತಿದ್ದ. ನಡುವೆ ಒಂದು ಲೈಟಿನ ಕಂಬ.

ಮಾವಶಿ ನೆಲ ತುಳಿದಳು. ಕಪ್ಪು ಮಣ್ಣಿನಲ್ಲಿ ಚಪ್ಪಲಿ ಹೂತಿತು. ಮದ್ದಿನವನ ಹತ್ತಿರ ಹೋಗಿ ಮಣ್ಣು ಹಸಿಯಿದೆ, ಕೊಳವೆಗೆ ಸುತ್ತ ಮರಳಿನ ಚೀಲ ಇಡು ಎಂದಳು. ಅವನು ನಕ್ಕು, "ಮಾವಶಿ, ತುಮ್ಹೀ ಫೋಟೋ ಕಾಢಾ" ಎಂದ. ನೀವು ನಿಮ್ಮ ಫೋಟೋ ನೋಡಿಕೊಳ್ಳಿ ಎಂದಂತೆ. ಆಕೆ ಮರಳಿ ಬಂದು ಕ್ಯಾಮೆರಾದ ಸ್ಟ್ಯಾಂಡಿನ ಪಕ್ಕ ನಿಂತಳು. ಆಕೆ ಬೈಯದೇ ಇದ್ದುದಕ್ಕೇ ನಾನು ಜಮಖಾನದ ಕಡೆ ಒಮ್ಮೆ ತಿರುಗಿ ನೋಡಿದೆ.

ಮೊದಲ ಮೂರು ಗುಂಡು ಹಾರಿದವು. ಕರಿ ಕಾಗದ ಹಿಡಿದು, ಸರಿಸಿ, ಮೂರನ್ನೂ ಒಂದೇ ಚಿತ್ರದಲ್ಲಿ ಹಿಡಿದೆ. ಶಟರ್ ಮುಚ್ಚಿ ಪರದೆ ನೋಡಿದರೆ ಹೂವುಗಳು ಚಂದ ಬಂದಿವೆ, ಆದರೆ ನೆಲದಿಂದ ಮೇಲೇರಿದ ಗೆರೆಗಳು ಸರಿಯಿಲ್ಲ. ಮೊದಲನೆಯದು ನೆಟ್ಟಗೆ. ಎರಡನೆಯದು ತುಸು ಬಲಕ್ಕೆ. ಮೂರನೆಯದು ಇನ್ನೂ ಬಲಕ್ಕೆ.

"ಸ್ಟ್ಯಾಂಡ್ ಜಾರಾಕತ್ತೇತ್ರಿ ಮಾವಶಿ" ಎಂದು ನಾನು ಬಗ್ಗಿ ಸ್ಕ್ರೂ ಬಿಗಿಮಾಡತೊಡಗಿದೆ.

ಆಕೆ ಎಡಗಣ್ಣನ್ನು ಪರದೆಯ ಹತ್ತಿರ ತಂದಳು. ನನ್ನ ಮಣಿಕಟ್ಟು ಹಿಡಿದಳು.

"ಸ್ಕ್ರೂ ಬಿಡು. ಕಂಬ ನೋಡು."

ಕಂಬ ನೆಟ್ಟಗಿತ್ತು. ಕ್ಯಾಮೆರಾ ಜಾರಿದ್ದರೆ ಕಂಬವೂ ಎರಡೆರಡಾಗಿ, ಓರೆಯಾಗಿ ಬೀಳಬೇಕಿತ್ತು. ಬಾಗುತ್ತಿದ್ದುದು ಕೊಳವೆ, ಜಮಖಾನದ ಕಡೆಗೆ.

ಮಾವಶಿ ಮದ್ದಿನವನನ್ನು ಕೂಗಿದಳು. ಡಿಜೆಯ ಅಬ್ಬರದಲ್ಲಿ ಯಾರಿಗೆ ಕೇಳಬೇಕು? ಅವನು ಮುಂದಿನ ಗುಂಡನ್ನು ಇಳಿಸುತ್ತಿದ್ದ. ಆಕೆ ಮೊಬೈಲಿನ ಟಾರ್ಚ್ ಹಚ್ಚಿ, ಕ್ಯಾಮೆರಾದ ಎದುರೇ ಜಮಖಾನದ ಕಡೆಗೆ ಓಡಿದಳು. ಭಯಕ್ಕೆ ನನ್ನ ಕೈ ಮುಷ್ಟಿಯಾಯಿತು. ಮುಷ್ಟಿಯೊಳಗೆ ರಿಮೋಟ್ ಇತ್ತು, ಶಟರ್ ತೆರೆದುಕೊಂಡಿತು.

"ಏಳ್ರಿ! ಉಠಾ, ಉಠಾ!" ಎಂದು ಕಿರುಚಿದಳು. ಯಾರೂ ಏಳಲಿಲ್ಲ. ಫೋಟೋಕ್ಕೆ ಅಡ್ಡ ಬಂದೆವೆಂದು ಎಬ್ಬಿಸುತ್ತಿದ್ದಾಳೆ ಎಂದು ಹೆಂಗಸರು ನಗುತ್ತ ಕೂತೇ ಇದ್ದರು. ನಮ್ಮವ್ವನೂ ನಕ್ಕಳಂತೆ. ಆಗ ಮಾವಶಿ ಒಂದು ಗಳಿಗೆ ತಡೆದು, ಸ್ಟುಡಿಯೋದಲ್ಲಿ ಗಿರಾಕಿಗಳನ್ನು ಕರೆಯುವ ದನಿಯಲ್ಲಿ ಹೇಳಿದಳು: "ಗ್ರೂಪ್ ಫೋಟೋ ಐತಿ! ಮಾಲಕರು ಹೇಳ್ಯಾರ! ಲಗೂನ ಶೆಡ್ಡಿನ ಗ್ವಾಡಿ ಮುಂದ ಬರ್ರಿ, ಹಿಂದ ಉಳಿದವರು ಫೋಟೋದಾಗ ಬರೂದಿಲ್ಲ!"

ಅಷ್ಟು ಸಾಕಾಯಿತು. ಸೆರಗು ಸರಿಮಾಡಿಕೊಳ್ಳುತ್ತ, ಮಕ್ಕಳ ಕೈಹಿಡಿದು ಎಲ್ಲರೂ ಎದ್ದು ಓಡಿದರು. ಅವ್ವನ ಚಪ್ಪಲಿ ಅಲ್ಲೇ ಉಳಿಯಿತು. ನಾಲ್ಕನೆಯ ಗುಂಡು ಮೇಲಕ್ಕೆ ಏಳಲಿಲ್ಲ. ನೆಲದ ಮೇಲಿಂದಲೇ ಹಾದು ಬಂದು ಖಾಲಿ ಜಮಖಾನದ ಮೇಲೆ ಸಿಡಿಯಿತು.

ಡಿಜೆ ನಿಂತಿತು. ಅಳುವವರು ಅಳುತ್ತಿದ್ದರು, ಮದ್ದಿನವನು ಕಬ್ಬಿನ ಅಂಚಿಗೆ ತಲೆ ಹಿಡಿದು ಕೂತಿದ್ದ. ನಾನು ಮಗಳನ್ನು ಹುಡುಕುತ್ತ ಓಡಿದರೆ, ಮಾವಶಿ ಎಲ್ಲರನ್ನೂ ಗೋಡೆಯ ಮುಂದೆ ಸಾಲಾಗಿ ನಿಲ್ಲಿಸುತ್ತಿದ್ದಳು.

"ಈಗ್ಯಾಕ್ರಿ ಫೋಟೋ?" ಎಂದು ನನಗೆ ಸಿಟ್ಟೇ ಬಂತು.

"ನಿಂತರ ಗೊತ್ತಾಗ್ತೇತಿ, ಯಾರರ ಉಳದಾರೇನು ಅಂತ. ಬಾಜೂಕಿನವರು ಅದಾರೋ ಇಲ್ಲೋ ನೋಡ್ಕೋರಿ ಎಲ್ಲಾರೂ."

ಎಲ್ಲರೂ ಇದ್ದರು. ಮಗಳು ಅವ್ವನ ಸೊಂಟ ತಬ್ಬಿಕೊಂಡು, ಕ್ಯಾಮೆರಾ ನೋಡದೆ, ಬಯಲಿನ ಕಡೆಗೇ ನೋಡುತ್ತಿದ್ದಳು. ಮಾವಶಿ ಫೋಟೋ ತೆಗೆದೇ ತೆಗೆದಳು.

ಮರುದಿನ ಸ್ಟುಡಿಯೋದಲ್ಲಿ, ನನ್ನ ಮುಷ್ಟಿ ತೆಗೆದ ಆ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದು ಇಬ್ಬರೂ ನೋಡಿದೆವು. ಆಕೆ ಬಲಗಣ್ಣನ್ನು ಬೆರಳಿನಿಂದ ಒತ್ತಿಕೊಂಡು ಹೇಳಿದಳು. "ನಮ್ಮ ಮನಿಯವರು ಹ್ವಾದ ದಿನಾನೂ ಹಿಂಗ ಗೆರಿ ಸೊಟ್ಟ ಬಂದಿದ್ದವು. ಗಡಹಿಂಗ್ಲಜ ಹತ್ರ ಒಂದು ಮದವಿ. ಅವರು ಮುಂದ ನಿಂತಿದ್ದರು. ನಾ ಸ್ಟ್ಯಾಂಡಿನ ಸ್ಕ್ರೂ ಬಿಗಿ ಮಾಡ್ಕೋತ ಕುಂತೆ."

ಆ ಮದುವೆಯ ಮೇಲೆ ಎಷ್ಟೋ ಮದ್ದಿನ ಬಯಲುಗಳಿಗೆ ಆಕೆ ಯಾಕೆ ಹೋಗುತ್ತಿದ್ದಳು ಎಂಬುದು ನನಗೆ ಆಗ ತಿಳಿಯಿತು. ಕಾವಲಿಗೆ ಹೋಗುತ್ತಿದ್ದಳು.

ಹೋದ ಮಳೆಗಾಲದ ಕೊನೆಗೆ ಮಾವಶಿ ಕೊಲ್ಹಾಪುರದ ಆಸ್ಪತ್ರೆಯಲ್ಲಿ ತೀರಿಕೊಂಡಳು. ಹೃದಯ ಸೋತಿತ್ತು. ಹಿಂದಿನ ಸಂಜೆ ದೂರದಲ್ಲಿ ಯಾವುದೋ ಮೆರವಣಿಗೆಯ ಮದ್ದು ಸಿಡಿಯುತ್ತಿತ್ತು. ಒಂದೊಂದು ಸದ್ದಿಗೂ ಆಕೆಯ ಕೈ ಹಾಸಿಗೆಯ ಅಂಚನ್ನು ಹಿಡಿಯುತ್ತಿತ್ತು.

"ಜನಾ ಯಾವ ಕಡಿ ಅದಾರ?" ಎಂದು ಕೇಳಿದಳು.

ಕಿಟಕಿಯಿಂದ ಎದುರಿನ ಗೋಡೆ ಬಿಟ್ಟು ನನಗೆ ಏನೂ ಕಾಣುತ್ತಿರಲಿಲ್ಲ. "ಭಾಳ ದೂರ ಅದಾರ್ರಿ ಮಾವಶಿ" ಎಂದೆ. ಆಕೆ ನಂಬಿದಳೋ ಇಲ್ಲವೋ ಗೊತ್ತಿಲ್ಲ.

ಸ್ಟುಡಿಯೋ ಈಗ ನಾನೇ ನಡೆಸುತ್ತೇನೆ. ಯಡ್ರಾವದ ಆ ಚಿತ್ರವನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದೇನೆ. ನಡುವೆ ಕಂಬ, ನೆಲದಂಚಿಗೆ ಮಲಗಿದ ಒಂದು ಬೆಂಕಿಯ ಗೆರೆ, ಬಲಕ್ಕೆ ಬಿಳಿ ಸ್ಫೋಟ. ಎಲ್ಲಕ್ಕಿಂತ ಕೆಳಗೆ, ಚಿತ್ರದ ಈ ಬದಿಯಿಂದ ಜಮಖಾನದವರೆಗೆ, ಅಂಕುಡೊಂಕಾಗಿ ಓಡಿದ ಇನ್ನೊಂದು ಗೆರೆ, ತೆಳ್ಳಗೆ, ಬೆಳ್ಳಗೆ. ಮೊನ್ನೆ ಗಿರಾಕಿಯೊಬ್ಬರು ಅದನ್ನು ಬಹಳ ಹೊತ್ತು ನೋಡಿ, "ಫೋಟೋ ಖತರನಾಕ್ ಐತ್ರಿ. ಕೆಳಗಿನ ಆ ಟಾರ್ಚಿನ ಗೆರಿ ಒಂದು ಅಳಿಸಿಬಿಡ್ರಿ, ಚಲೋ ಕಾಣ್ತೇತಿ" ಎಂದರು.

ಮೂಲೆಯಲ್ಲಿ ಶಾಲೆಯ ಅಭ್ಯಾಸ ಬರೆಯುತ್ತಿದ್ದ ಮಗಳು ತಲೆ ಎತ್ತಿದಳು.

"ಅದು ಗೆರಿ ಅಲ್ರಿ, ನಮ್ಮ ಮಾವಶಿ" ಎಂದಳು. "ನನ್ನ ಕಡಿ ಬರಾಕತ್ತಾಳ."