ಯುದ್ಧದ ಪಾಠಕ್ಕೆ ಬಿದ್ದ ಒಗ್ಗರಣೆ

ಇವತ್ತು ಎಸಿ ಫಿಲ್ಟರ್ ತೊಳೆದು ಬಾಲ್ಕನಿಯಲ್ಲಿ ಒಣಗಿಸಿದೆ. ಯಜಮಾನರ ಎರಡು ಶರ್ಟಿಗೆ ಗುಂಡಿ ಹಾಕಿದೆ. ನೀರಿನ ಖಾಲಿ ಕ್ಯಾನ್ ಕೊಟ್ಟು ತುಂಬಿದ್ದು ಇಳಿಸಿಕೊಂಡೆ. ಜೆಬೆಲ್ ಅಲಿಯಲ್ಲಿ ಕೆಲಸ ಮಾಡುವ ಮಗಳು ವಾರದ ರಜೆಗೆ ಬರುತ್ತಾಳೆಂದು ಅವಳ ಹಾಸಿಗೆಗೆ ಒಗೆದ ಚಾದರ ಹಾಸಿದೆ. ಕೊನೆಗೆ, ಯಜಮಾನರು ಅಲ್ ಮೀನಾ ಮಾರ್ಕೆಟ್ಟಿನಿಂದ ತಂದ ತರಕಾರಿ ಚೀಲ ಬಿಡಿಸಲು ಕೂತೆ. ಮೂಲಂಗಿ ಹೇಳಿದ್ದೆ, ಇವರು ದುಂಡನೆಯ ಟರ್ನಿಪ್ ಗೆಡ್ಡೆ ತಂದಿದ್ದರು. ಸರಿ, ಇದಾದರೂ ಆಗಲಿ ಎಂದು ಸಿಪ್ಪೆ ಹೆರೆದೆ. ಆ ಮಣ್ಣು ಮಣ್ಣು, ಸ್ವಲ್ಪ ಖಾರದ ವಾಸನೆ ಮೂಗಿಗೆ ಬಡಿಯಿತು ನೋಡಿ, ಹಮ್ದಾನ್ ಸ್ಟ್ರೀಟಿನ ಹಳೆಯ ಮನೆಯ ಅಡುಗೆಕೋಣೆಯಲ್ಲಿ ಟೀಚರಕ್ಕ ಸೆರಗು ಸಿಕ್ಕಿಸಿಕೊಂಡು ನಿಂತಂತೆಯೇ ಆಯಿತು...

ಟೀಚರಕ್ಕ ನಮ್ಮ ಎದುರು ಫ್ಲ್ಯಾಟಿನವರು. ಉಡುಪಿ ಕಡೆಯವರು. ನಾನು ಮೈಸೂರಿನವಳು, ಇಬ್ಬರೂ ಈ ಅರಬ್ ನಾಡಿಗೆ ಬಂದು ಸೇರಿದವರು. ನನ್ನ ಮಗಳು ಓದುತ್ತಿದ್ದ ಬ್ರಿಟಿಷ್ ಶಾಲೆಯಲ್ಲಿ ಅವಳ ಕ್ಲಾಸಿಗೇ ಪಾಠ ಮಾಡುತ್ತಿದ್ದರು. ಶಾಲೆಯಲ್ಲಿ ಹತ್ತಿ ಸೀರೆ, ಇಸ್ತ್ರಿ, ಗಟ್ಟಿ ಇಂಗ್ಲಿಷು. ಮನೆಗೆ ಬಂದರೆ ನೈಟಿ, ಜೋರು ನಗು. ಅವರ ಬಾಗಿಲು ಬೀಗ ಕಂಡದ್ದು ನೆನಪಿಲ್ಲ. ಸಕ್ಕರೆ ತಿರುಗಿ ಕೊಡುವ ಲೆಕ್ಕ ನಮ್ಮಿಬ್ಬರಲ್ಲಿ ಇರಲೇ ಇಲ್ಲ.

ಆ ವರ್ಷ ಮಾತ್ರ ಅವರ ನಗು ಕಡಿಮೆಯಾಗಿತ್ತು. ಗಂಡನ ಕಂಪನಿ ಮುಚ್ಚಿ, ಗಂಡ, ಮಗ ಇಬ್ಬರೂ ಅಕ್ಕನ ವೀಸಾದ ಮೇಲೆ ಬಂದಿದ್ದರು. ಮಗ ಹತ್ತನೇ ಕ್ಲಾಸು. ಶಾಲೆಗೆ ಬಂದ ಹೊಸ ಹೆಡ್ ಮೇಡಮ್ಮು, ಇಂಗ್ಲೆಂಡಿನವರು, ಅಕ್ಕನ ಒಂದು ಪಾಠವನ್ನು ಹಿಂದಿನ ಬೆಂಚಿನಲ್ಲಿ ಕೂತು ನೋಡಿ, “ಮಾತು ಬಹಳ, ಮಕ್ಕಳಿಗೆ ಏನೂ ತಾಗಲಿಲ್ಲ” ಎಂದು ಬರೆದಿದ್ದರು. ಇನ್ನೊಂದು ಪಾಠ ನೋಡುತ್ತೇನೆ, ಆಮೇಲೆ ಕಾಂಟ್ರಾಕ್ಟಿನ ಮಾತು ಎಂದಿದ್ದರು. ಕಾಂಟ್ರಾಕ್ಟು ಹೋದರೆ ವೀಸಾ ಹೋಯಿತು. ಪರೀಕ್ಷೆಯ ವರ್ಷ ಮಗನನ್ನು ಎಬ್ಬಿಸಿಕೊಂಡು ಊರಿಗೆ ಹೊರಡಬೇಕು.

ಆ ಇನ್ನೊಂದು ಪಾಠವೇ ಯುದ್ಧದ್ದು. ಲಂಡನ್ನಿನ ಮೇಲೆ ರಾತ್ರಿ ವಿಮಾನ ಬಂದು ಬಾಂಬು ಹಾಕುತ್ತಿದ್ದ ಕಾಲದಲ್ಲಿ ಮನೆಯಲ್ಲಿದ್ದ ಜನ ಹೇಗೆ ದಿನ ತಳ್ಳಿದರು ಎಂಬುದು. ಕಿಟಕಿಗೆ ಕಪ್ಪು ಬಟ್ಟೆ, ಗಾಜಿಗೆ ಕಾಗದದ ಪಟ್ಟಿ, ಊಟಕ್ಕೆ ರೇಷನ್ನು. ಕೇಳುವವರು ಏಳೆಂಟು ವರ್ಷದ ಮಕ್ಕಳು. ಕರೆಂಟು ಹೋದದ್ದನ್ನೇ ನೋಡದ ಮಕ್ಕಳು!

“ಬಾಯಲ್ಲಿ ಹೇಳಿದರೆ ಇವಕ್ಕೆ ತಾಗುವುದಿಲ್ಲ ಮಾರಾಯ್ತಿ. ತಿನ್ನಿಸಬೇಕು,” ಎಂದರು ಅಕ್ಕ.

ಯುದ್ಧಕಾಲದ ಒಂದು ಪೈ ಇದೆಯಂತೆ. ಕ್ಯಾರೆಟ್, ಹೂಕೋಸು, ಟರ್ನಿಪ್ ಬೇಯಿಸಿ, ಓಟ್ಸ್ ಸೇರಿಸಿ, ಮೇಲೆ ಆಲೂಗಡ್ಡೆ ಹಿಸುಕಿ ಬಳಿದು ಬೇಯಿಸುವುದು. ಸಪ್ಪೆ ಎಂದರೆ ಸಪ್ಪೆ. ಮಕ್ಕಳು ತಿಂದು ಮುಖ ಕಿವುಚಬೇಕು, ಅಯ್ಯೋ ಪಾಪ ಆ ಕಾಲದ ಮಕ್ಕಳು ಎನ್ನಬೇಕು. ಪಾಠದ ಪ್ಲಾನಿನಲ್ಲಿ ಹಾಗೆಯೇ ಬರೆದುಕೊಟ್ಟಿದ್ದರು.

ಅವರ ಓವನ್ ಕೆಟ್ಟಿತ್ತು. ಬೆಳಗಿನ ಜಾವ ನನ್ನ ಮನೆಗೆ ಬಂದರು. ಎಲ್ಲ ಬೆಂದಮೇಲೆ ಒಂದು ಚಮಚ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

“ಹೇಗಿದೆ ಅಕ್ಕಾ?”

“ಯುದ್ಧದ ಹಾಗೇ ಉಂಟು.”

“ಸರಿ ಹೋಯ್ತಲ್ಲ, ಓವನ್ನಿಗೆ ಇಡಿ.”

ಇಡಲಿಲ್ಲ. ಸ್ವಲ್ಪ ಹೊತ್ತು ಪಾತ್ರೆ ನೋಡುತ್ತ ನಿಂತರು. ಆಮೇಲೆ ನನ್ನ ಸಾಸಿವೆ ಡಬ್ಬಿಗೆ ಕೈ ಹಾಕಿದರು.

“ಅಕ್ಕಾ! ಲಂಡನ್ನಿನಲ್ಲಿ ಒಗ್ಗರಣೆ ಇತ್ತಾ?”

“ಇರಲಿಲ್ಲ, ಗೊತ್ತುಂಟು ನನಗೆ. ಆದರೆ ಬೇರೆಯವರ ಮಕ್ಕಳಿಗೆ ಇದನ್ನು ಹೇಗೆ ಕೊಡುವುದು? ಚೂರೇ ಚೂರು...”

ಚೂರೇ ಚೂರು ಎಂದು ಸಾಸಿವೆ ಸಿಡಿಯಿತು. ಚೂರೇ ಚೂರು ಎಂದು ಇಂಗು ಬಿತ್ತು. ಬಾಲ್ಕನಿಯ ಕುಂಡದಿಂದ ಕರಿಬೇವು ಕಿತ್ತು ತಂದರು. ನಮ್ಮ ಯಜಮಾನರು ಹಾಸಿಗೆಯಿಂದಲೇ, “ಏನೇ ಅದು, ಘಮ್ ಅಂತಿದೆ?” ಎಂದರು. ನಾನು ಇಂಗಿನ ಡಬ್ಬಿ ಎತ್ತಿಟ್ಟೆ.

ಟ್ರೇ ಹೊರಲು ನಾನೂ ಶಾಲೆಗೆ ಹೋದೆ. ತಾಯಂದಿರು ಸಹಾಯಕ್ಕೆ ಬರಬಹುದಿತ್ತು. ಹೆಡ್ ಮೇಡಮ್ಮು ಹಿಂದೆ ಲ್ಯಾಪ್‌ಟಾಪ್ ಬಿಚ್ಚಿ ಕೂತಿದ್ದರು. ಅಕ್ಕ ಕಿಟಕಿಗೆ ಕಪ್ಪು ಬಟ್ಟೆ ಎಳೆದು, ಮಕ್ಕಳನ್ನು ಮೇಜಿನ ಕೆಳಗೆ ಕೂರಿಸಿ, ತಮ್ಮ ಬಾಯಲ್ಲೇ ಸೈರನ್ ಕೂಗಿದರು. ಹೂಂಽಽಽ... ಎಂದು ಏರಿ ಇಳಿದು. ಮೊಬೈಲಿನಲ್ಲಿ ನಿಜವಾದದ್ದೇ ಸಿಗುತ್ತಿತ್ತು. ಬೇಡ ಎಂದಿದ್ದರು. ನಿಜವಾದದ್ದನ್ನು ಕೇಳಿ ಬಂದ ಮಗುವೊಂದು ಆ ಕ್ಲಾಸಿನಲ್ಲಿತ್ತು. ಟೀಚರ್ ಕೆನ್ನೆ ಉಬ್ಬಿಸಿಕೊಂಡು ಕೂಗುವುದನ್ನು ನೋಡಿ ಆ ಮಗುವೂ ಎಲ್ಲರ ಜೊತೆ ಕಿಲಕಿಲ ನಕ್ಕಿತು.

ಆಮೇಲೆ ಪೈ. ತಲೆಗೆ ಒಂದೊಂದು ತುಂಡು. ಮಕ್ಕಳು ಮೂಸಿದವು, ನೆಕ್ಕಿದವು. ಒಬ್ಬನೂ ಮುಖ ಕಿವುಚಲಿಲ್ಲ. ತಟ್ಟೆ ಬಳಿದು ತಿಂದವು! ಹೆಡ್ ಮೇಡಮ್ಮು ಮುಂದಿನ ಸಾಲಿನ ಹುಡುಗನ ಹತ್ತಿರ ಬಗ್ಗಿ, ಯುದ್ಧಕಾಲದ ಊಟ ಹೇಗಿತ್ತಪ್ಪ ಎಂದು ಕೇಳಿದರು.

“ಯಮ್ಮಿ! ಮಿಸ್, ಕ್ಯಾನ್ ವಿ ಹ್ಯಾವ್ ವಾರ್ ನೆಕ್ಸ್ಟ್ ವೀಕ್ ಆಲ್ಸೋ?”

ಅಕ್ಕನ ಮುಖ ನಾನು ನೋಡಲಾರದೆ ಟ್ರೇ ನೋಡಿದೆ. ಖಾಲಿ. ಅಷ್ಟರಲ್ಲಿ ಎಲ್ಲ ಕಡೆಯಿಂದ “ಮೋರ್ ಮಿಸ್, ಮೋರ್ ಮಿಸ್” ಶುರುವಾಯಿತು. ಅಕ್ಕ ನಿಧಾನವಾಗಿ ಬಂದು ಟ್ರೇ ಎತ್ತಿ, ತಲೆಕೆಳಗು ಮಾಡಿ ಮಕ್ಕಳಿಗೆ ತೋರಿಸಿದರು.

“ಖಲಾಸ್.”

“ಒಂದೇ ಒಂದು ಮಿಸ್!”

“ಮಾಫಿ,” ಎಂದರು ಅಕ್ಕ, ಇಲ್ಲವೇ ಇಲ್ಲ ಎನ್ನುವ ಇಲ್ಲಿನ ಅರಬಿ ಮಾತು. “ಈ ವಾರದ ರೇಷನ್ ಮುಗಿಯಿತು. ಇನ್ನು ಮುಂದಿನ ವಾರವೇ. ಮನೆಯಲ್ಲಿ ತಮ್ಮ ಇದ್ದರೆ ಅವನಿಗೂ ನಿಮ್ಮ ತುಂಡಿನಲ್ಲೇ ಪಾಲು,” ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಒಬ್ಬ ಹುಡುಗಿಯ ತಟ್ಟೆಯಲ್ಲಿ ಮಾತ್ರ ಅರ್ಧ ತುಂಡು ಉಳಿದಿತ್ತು. ಎಲ್ಲರ ಕಣ್ಣೂ ಅದರ ಮೇಲೆ. ಅವಳು ಎರಡೂ ಕೈಯಿಂದ ಮುಚ್ಚಿಕೊಂಡಳು. ಯಾರೋ “ನಾಟ್ ಫೇರ್!” ಎಂದರು, ಇನ್ನೊಂದಕ್ಕೆ ಕಣ್ಣಲ್ಲಿ ನೀರೇ ಬಂತು. ಅಕ್ಕ ಬೋರ್ಡಿನ ಮೇಲೆ “ನಾಟ್ ಫೇರ್” ಎಂದು ದೊಡ್ಡದಾಗಿ ಬರೆದು, ಈಗ ಹೇಳಿ, ದಿನಾ ಹೀಗೇ ಆದರೆ ಏನು ಮಾಡುತ್ತೀರಿ ಎಂದರು. ಕದಿಯುತ್ತೇನೆ ಎಂದ ಒಬ್ಬ. ಅಜ್ಜಿಯದ್ದು ತಿನ್ನುತ್ತೇನೆ ಎಂದ ಇನ್ನೊಬ್ಬ. ಕುಂಡದಲ್ಲಿ ಕ್ಯಾರೆಟ್ ಬೆಳೆಯುತ್ತೇನೆ ಎಂದಿತು ಸೈರನ್ನಿಗೆ ನಕ್ಕ ಮಗು. ಗಂಟೆ ಹೊಡೆದರೂ ಮಾತು ನಿಲ್ಲಲಿಲ್ಲ.

ಹೆಡ್ ಮೇಡಮ್ಮು ಲ್ಯಾಪ್‌ಟಾಪ್ ಮುಚ್ಚಿ ಎದ್ದು ಬಂದು, ನನಗೂ ಒಂದು ತುಂಡು ಇಲ್ಲವೇ ಎಂದರು. ಮಕ್ಕಳೆಲ್ಲ ಒಟ್ಟಿಗೆ ಕೂಗಿದವು: “ಮಾಫಿ!”

ಮನೆಗೆ ಬರುವಾಗ ಟ್ಯಾಕ್ಸಿಯಲ್ಲಿ ಕೇಳಿದೆ, “ಇದೆಲ್ಲ ಮೊದಲೇ ಯೋಚಿಸಿದ್ದಾ ಅಕ್ಕಾ?”

“ಯೋಚನೆ ಎಂಥದು ಮಾರಾಯ್ತಿ! ಟ್ರೇ ಖಾಲಿ ಇತ್ತು, ಅದನ್ನೇ ತೋರಿಸಿದೆ.” ಸ್ವಲ್ಪ ದೂರ ಹೋದಮೇಲೆ ತಾವೇ ನಗಲು ಶುರುಮಾಡಿದರು. “ಆದರೂ ನೋಡು, ಸಪ್ಪೆಯದ್ದು ಮುಗಿದರೆ ಯಾವ ಮಗು ಅಳುತ್ತದೆ?”

ಕಾಂಟ್ರಾಕ್ಟು ಮುಂದುವರಿಯಿತು. ಮಗ ಇಲ್ಲೇ ಪರೀಕ್ಷೆ ಬರೆದ. ಆ ಪೈ ಪ್ರತಿ ವರ್ಷದ ಪಾಠಕ್ಕೂ ಬಂತು, ಒಗ್ಗರಣೆ ಸಮೇತ, ಬೇಕೆಂದೇ ತುಂಡು ಕಡಿಮೆ ಮಾಡಿ. ಆಮೇಲೆ ವಯಸ್ಸಾಯಿತು, ವೀಸಾ ಮುಗಿಸಿ ಊರಿಗೆ ಹೋದರು. ಹಬ್ಬಕ್ಕೆ ಫೋನು, ಆಮೇಲೆ ಬರೀ ಮೆಸೇಜು, ಆಮೇಲೆ... ಹೋದ ವರ್ಷ ಹಳೆಯ ಬಿಲ್ಡಿಂಗಿನವರೊಬ್ಬರಿಂದ ಅಕ್ಕ ತೀರಿಕೊಂಡ ಸುದ್ದಿ ಬಂತು. ಮಗಳಿಗೆ ಹೇಳಬೇಕು ಹೇಳಬೇಕು ಎಂದುಕೊಂಡೇ ದಿನ ಹೋಗಿತ್ತು.

ಇವತ್ತು ಸಂಜೆ ಅವಳು ಬಂದು ಚಪ್ಪಲಿ ಬಿಡುತ್ತಿದ್ದಾಗ ಕೇಳಿದೆ, “ಟೀಚರಕ್ಕನ ಯುದ್ಧದ ಪಾಠ ನೆನಪಿದೆಯೇನೇ?”

“ಹೌ ಕ್ಯಾನ್ ಐ ಫರ್ಗೆಟ್, ಅಮ್ಮಾ? ನಂಗೆ ಒಂದೇ ಪೀಸ್ ಸಿಕ್ಕಿದ್ದು!”

“ಎಲ್ಲರಿಗೂ ಒಂದೇ ಕಣೇ.”

“ಅರ್ಧ ಮುಚ್ಚಿಟ್ಕೊಂಡಿದ್ಳಲ್ಲ, ಅವ್ಳು ನಂಗೆ ಪ್ರಾಮಿಸ್ ಮಾಡಿದ್ಳು. ಕೊಡ್ಲೇ ಇಲ್ಲ.” ಇಷ್ಟು ವರ್ಷವಾದರೂ ಸಿಟ್ಟು ಹಾಗೇ ಇತ್ತು.

ಆಗ ಅಕ್ಕನ ಸುದ್ದಿ ಹೇಳಿದೆ. ಅವಳು ಚೀಲ ಕೆಳಗಿಟ್ಟು ನನ್ನ ಪಕ್ಕ ಕೂತಳು.

ರಾತ್ರಿ ದೋಸೆ, ಈರುಳ್ಳಿ ಚಟ್ನಿ. ಕೊನೆಯ ದೋಸೆಯನ್ನು ಅಪ್ಪ ಮಗಳು ಹಂಚಿಕೊಂಡು, ಯಾರ ಅರ್ಧ ದೊಡ್ಡದು ಎಂದು ಜಗಳವಾಡಿ ತಿಂದರು. ಮೊದಲು ಮಲಗಿದ್ದು ಮಗಳು, ಕೈಯಲ್ಲಿ ಚಟ್ನಿಯ ವಾಸನೆ ಹಾಗೇ ಇಟ್ಟುಕೊಂಡು.