ಬಿಳಿ ಅಂಗಿಯ ಮೇಲೆ ಅವ್ವನ ಹೆಬ್ಬೆರಳು

ಕೊರೊನಾದ ಗಲಾಟೆಯೆಲ್ಲ ಮುಗಿದು ಕಾಲೇಜುಗಳು ಮೊದಲಿನಂತೆ ನಡೆಯತೊಡಗಿದ ಕಾಲವದು. ನಾನು ಎಂಬಿಎ ಎರಡನೆಯ ವರ್ಷದಲ್ಲಿದ್ದೆ. ಮನೆ ಕಲ್ಯಾಣದಲ್ಲಿ, ಕಾಲೇಜು ನವಿ ಮುಂಬಯಿಯಲ್ಲಿ. ದಸರೆ ಕಳೆಯುತ್ತಿದ್ದಂತೆ ಕಂಪನಿಗಳವರು ಕೆಲಸಕ್ಕೆ ಹುಡುಗ ಹುಡುಗಿಯರನ್ನು ಆರಿಸಲು ಬರುತ್ತಾರೆ. ಆ ದಿನಗಳು ಹತ್ತಿರವಾದಂತೆ ನಮ್ಮ ಕಾಲೇಜಿನಲ್ಲಿ ಓದಿನ ಮಾತು ಕಡಿಮೆಯಾಗಿ ಬಟ್ಟೆಯ ಮಾತೇ ಜಾಸ್ತಿಯಾಯಿತು.

ನಮ್ಮ ಪ್ಲೇಸ್‌ಮೆಂಟ್ ಸರ್ ಒಂದು ತಾಸು ಇದರ ಮೇಲೆಯೇ ಪಾಠ ಮಾಡಿದರು. ಬಿಳಿ ಅಂಗಿ, ಕಪ್ಪು ಪ್ಯಾಂಟು, ನೇವಿ ಬ್ಲೂ ಬ್ಲೇಜರು, ಮುಂದೆ ಮುಚ್ಚಿದ ಕಪ್ಪು ಬೂಟು. ಕೂದಲು ಬಿಗಿಯಾಗಿ ಕಟ್ಟಿರಬೇಕು, ಬಳೆ ಸದ್ದು ಮಾಡಬಾರದು, ಕೈಯಲ್ಲಿ ಮೆಹಂದಿ, ಮಣಿಕಟ್ಟಿನಲ್ಲಿ ಗುಡಿಯ ದಾರ ಯಾವುದೂ ಕಾಣಬಾರದು. ನೀವು ಬಾಯಿ ತೆರೆಯುವ ಮೊದಲೇ ನಿಮ್ಮ ಬಟ್ಟೆ ಮಾತಾಡಿರುತ್ತದೆ ಎಂದು ಅವರು ಹೇಳಿದರು. ಬೂಟಿನೊಳಗೆ ಬಿಳಿ ಕಾಲುಚೀಲ ಹಾಕಿಕೊಂಡು ಬಂದ ಹುಡುಗನೊಬ್ಬನನ್ನು ಬಾಗಿಲಿನಿಂದಲೇ ವಾಪಸು ಕಳಿಸಿದ್ದೂ ಉಂಟು. ಪ್ರಾಥಮಿಕ ಶಾಲೆಯಲ್ಲಿ ಉಗುರು ನೋಡುತ್ತಿದ್ದರಲ್ಲ, ಥೇಟ್ ಹಾಗೆಯೇ.

ನಮ್ಮ ಮನೆಯಲ್ಲಿ ಈ ಲೋಕದ ಗಾಳಿ ಯಾರಿಗೂ ಸೋಕಿರಲಿಲ್ಲ. ಅಪ್ಪ ಕಲ್ಯಾಣದ ಮಾರ್ಕೆಟ್ಟಿನಲ್ಲಿ ಟೆಂಪೋ ಓಡಿಸುತ್ತಾನೆ. ಅವ್ವ ಮನೆ ಹತ್ತಿರ ಚಪಾತಿ-ಪಲ್ಯ ಮಾರುವ ಪೋಳಿ-ಭಾಜಿ ಕೇಂದ್ರದಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಜೋಳದ ಭಕ್ರಿ ಬಡಿಯುತ್ತಾಳೆ. ಇಬ್ಬರೂ ವಿಜಯಪುರದ ಕಡೆಯಿಂದ ಬಂದವರು. ನಾನು ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ಮನೆಗೆ ಬಂದು ಅವ್ವನ ಮುಂದೆ ಪ್ರಾಕ್ಟೀಸ್ ಮಾಡುತ್ತಿದ್ದೆ. ಕನ್ನಡಿ ಮುಂದೆ ನಿಂತು ಒಬ್ಬಳೇ ಮಾತಾಡಿದರೆ ನನಗೇ ನಗು ಬರುತ್ತಿತ್ತು. ಅವ್ವನಾದರೆ ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು, ಒಂದು ಅಕ್ಷರ ತಿಳಿಯದಿದ್ದರೂ.

ಒಂದು ಸಂಜೆ ಕೈ ಕುಲುಕುವ ಪಾಠ ನಡೆಯಿತು. "ಅವ್ವಾ, ಕೈ ಕೊಡು ಇಲ್ಲಿ. ಹಿಂಗ ಬಿಗಿಯಾಗಿ ಹಿಡೀಬೇಕು. ಕಣ್ಣಾಗ ಕಣ್ಣಿಟ್ಟು ನೋಡಬೇಕು" ಎಂದೆ.

ಅವ್ವ ಸೀರೆ ಸೆರಗಿಗೆ ಕೈ ಒರೆಸಿಕೊಂಡು ಚಾಚಿದಳು. ಹಿಡಿದರೆ ಇಟ್ಟಿಗೆ ಹಿಡಿದಂತೆ. ದಿನವೂ ಭಕ್ರಿ ಬಡಿದ ಕೈಯಲ್ಲವೇ! ನಾನು ನೋವಿಗೆ "ಆಯೀ ಗ" ಎಂದು ಕೂಗಿದೆ.

"ನೀನ ಬಿಗಿ ಹಿಡಿ ಅಂದ್ಯಲ್ಲ" ಎಂದು ಅವ್ವ ನಕ್ಕಳು. ಆಮೇಲೆ ನನ್ನ ಕೈಯನ್ನು ಹಿಡಿದೇ ಕೇಳಿದಳು, "ಹಂಗಾದ್ರ ಅಷ್ಟು ದೊಡ್ಡ ಮಂದಿ ನಿನ್ನ ಕೈ ಮುಟ್ಟತಾರನು?"

"ಹೂಂ ಮತ್ತ. ಮೊದಲು ಅದ. ಆಮೇಲೆ ಮಾತು" ಎಂದೆ. ಅವ್ವ ಏನೋ ಯೋಚಿಸುತ್ತ ಒಳಗೆ ಹೋದಳು. ಅದನ್ನು ನಾನು ಆಗ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ನಮ್ಮ ಮನೆಯಲ್ಲಿ ಹೊಸ ಬಟ್ಟೆ ಬಂದರೆ ಅರಿಶಿನ ಮುಟ್ಟಿಸದೆ ಯಾರೂ ಮೈಗೆ ಹಾಕುವಂತಿಲ್ಲ. ಅವ್ವ ಹೆಬ್ಬೆರಳನ್ನು ನೀರಿಗೆ ಅದ್ದಿ, ಅರಿಶಿನದ ಡಬ್ಬಿಗೆ ಒತ್ತಿ, ಬಟ್ಟೆಯ ಒಂದು ಮೂಲೆಗೆ ಮುದ್ರೆ ಹಾಕಿದ ಮೇಲೆಯೇ ಅದು ನಮ್ಮದು. ಶಾಲೆಯ ಯೂನಿಫಾರ್ಮು, ಅಪ್ಪನ ಬನಿಯನ್ನು, ಕೊನೆಗೆ ಹೊಸ ಚಾದರ ಕೂಡ ತಪ್ಪಿಸಿಕೊಂಡಿದ್ದಿಲ್ಲ. ಆದ್ದರಿಂದ ಉಲ್ಹಾಸನಗರದಿಂದ ಬಿಳಿ ಅಂಗಿ ತಂದ ದಿನವೇ ನಾನು ಕಟ್ಟುನಿಟ್ಟಾಗಿ ಹೇಳಿದ್ದೆ, "ಇದಕ್ಕ ಮಾತ್ರ ಅರಿಷಿಣ ಬ್ಯಾಡ ನೋಡವ್ವಾ. ಇಂಟರ್‌ವ್ಯೂ ಅಂಗಿ ಇದು."

ಅವ್ವ "ಆತು" ಎಂದಳು. ಅವ್ವನ "ಆತು" ಎಂದರೆ ಕೇಳಿಸಿತು ಎಂದು ಅರ್ಥ, ಒಪ್ಪಿದೆ ಎಂದಲ್ಲ. ಇಷ್ಟು ವರ್ಷ ಮಗಳಾಗಿದ್ದೂ ನಾನು ಅದನ್ನು ಮರೆತದ್ದು ನನ್ನ ಗ್ರಹಚಾರ.

ಕಾಲೇಜಿನ ಮೊದಲ ಸುತ್ತು ದಾಟಿ, ಒಂದು ದೊಡ್ಡ ಕಂಪನಿಯ ಕೊನೆಯ ಸುತ್ತಿಗೆ ನನ್ನ ಹೆಸರು ಬಂತು. ಅದು ಅವರ ಐರೋಲಿಯ ಆಫೀಸಿನಲ್ಲೇ ಇತ್ತು. ಬೆಳಗಿನ ಲೋಕಲ್‌ನ ಗರ್ದಿಯಲ್ಲಿ ಬಿಳಿ ಅಂಗಿ ತೊಟ್ಟು ಹೋದರೆ ಇಳಿಯುವ ಹೊತ್ತಿಗೆ ಅದು ಒರೆಸುವ ಬಟ್ಟೆಯಾಗಿರುತ್ತದೆ. ಹಾಗಾಗಿ ಹಳೆಯ ಕುರ್ತಾ, ಚಪ್ಪಲಿ ಹಾಕಿಕೊಂಡು, ಇಸ್ತ್ರಿ ಮಾಡಿದ ಅಂಗಿಯನ್ನೂ ಬ್ಲೇಜರನ್ನೂ ಹ್ಯಾಂಗರಿನಲ್ಲೇ ಕವರಿನೊಳಗೆ ಹಾಕಿ ಹೊರಟೆ. ಹೆಂಗಸರ ಡಬ್ಬಿಯಲ್ಲಿ ಯಾರೋ ಅದನ್ನು ಮೇಲಿನ ರ‍್ಯಾಕಿಗೆ ಸಿಕ್ಕಿಸಿಕೊಟ್ಟರು. ಥಾಣೆಯಲ್ಲಿ ಗಾಡಿ ಬದಲಿಸುವಾಗ ಅದನ್ನು ಎಳೆಗೂಸಿನಂತೆ ಎತ್ತಿಹಿಡಿದು ಸೇತುವೆ ಹತ್ತಿದೆ.

ಆಫೀಸಿನ ಲೇಡೀಸ್ ವಾಶ್‌ರೂಮಿನಲ್ಲಿ ಬಟ್ಟೆ ಬದಲಿಸಿದೆ. ಅಂಗಿಯ ಗುಂಡಿ ಹಾಕುವಾಗ ಬಲಗೈ ತೋಳಿನ ಪಟ್ಟಿಯ ಒಳಬದಿಯಲ್ಲಿ ಹಳದಿ ಕಂಡಿತು. ಅವ್ವನ ಹೆಬ್ಬೆರಳು! ಗೆರೆಗೆರೆಯಾಗಿ, ಸ್ಪಷ್ಟವಾಗಿ. ಹೊರಗಡೆ ಅದರ ಸುಳಿವೇ ಇರಲಿಲ್ಲ ಎಂದರೂ ತಪ್ಪಿಲ್ಲ. ಹಾಗೇ ಗುಂಡಿ ಹಾಕಿಕೊಂಡು ಹೋಗಿದ್ದರೆ ಯಾವ ಸರ್ ಬಂದಿದ್ದರೂ ಕಾಣುತ್ತಿರಲಿಲ್ಲ. ಆದರೆ ನನಗೆ ತಲೆ ಕೆಟ್ಟಿತು. ಅವ್ವನನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದು, ಗೋಡೆಗಿದ್ದ ಲಿಕ್ವಿಡ್ ಸೋಪನ್ನು ಅಂಗೈಗೆ ಹಿಂಡಿಕೊಂಡು ತಿಕ್ಕಿದೆ.

ಅರಿಶಿನಕ್ಕೆ ಸೋಪು ತಾಗಿದರೆ ಕೆಂಪಾಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೆ. ಆ ಹೊತ್ತಿನಲ್ಲಿ ಯಾವ ಪಾಠ ನೆನಪಾದೀತು? ಕಣ್ಣೆದುರೇ ಹಳದಿ ಹೋಗಿ ರಕ್ತದಂಥ ಕೆಂಪು ಬಂತು. ಗಾಬರಿಯಾಗಿ ಇನ್ನಷ್ಟು ತಿಕ್ಕಿದೆ, ಅದು ಹೊರಬದಿಗೂ ಹರಡಿತು. ನಲ್ಲಿ ಬಿಟ್ಟು ತೊಳೆಯುತ್ತ ನಿಂತವಳಿಗೆ ಅಳು ಬಂದೇ ಬಿಟ್ಟಿತು.

ಆಗ ಬಾಗಿಲು ತೆರೆದು ಒಬ್ಬ ಹುಡುಗಿ ಒಳಗೆ ಬಂದಳು. ನನ್ನಂತೆಯೇ ಇಂಟರ್‌ವ್ಯೂಗೆ ಬಂದವಳು, ಬೇರೆ ಕಾಲೇಜಿನವಳು. ಬೂಟಿನಿಂದ ಜುಟ್ಟಿನವರೆಗೆ ಒಂದು ಕುಂದಿಲ್ಲ. ನನ್ನ ಕೈ ನೋಡಿದವಳೇ "ಅರೇ, ಲಗಾ ಕ್ಯಾ?" ಎಂದು, ಪೆಟ್ಟಾಗಿದೆಯೆಂದೇ ತಿಳಿದು ಓಡಿಬಂದು ಪರ್ಸಿನಿಂದ ಬ್ಯಾಂಡೇಜು ತೆಗೆದಳು.

"ಲಗಾ ನಹೀ, ಹಲ್ದಿ ಹೈ. ಮಮ್ಮಿ ನೇ ಲಗಾಯಾ" ಎಂದು, ಗಾಯವಲ್ಲ, ಅವ್ವ ಹಚ್ಚಿದ ಅರಿಶಿನವೆಂದು ಅಳುತ್ತಲೇ ಎಲ್ಲ ಹೇಳಿದೆ.

 ಅವಳು ಬಾಗಿಲ ಕಡೆ ನೋಡಿ, ಕಿವಿಯನ್ನು ಮುಂದಕ್ಕೆ ಮಡಚಿ ಹಿಂಭಾಗ ತೋರಿಸಿದಳು. ಅಲ್ಲಿ ದಪ್ಪನೆಯ ಕಾಡಿಗೆಯ ಬೊಟ್ಟು. "ಮೇರೀ ನಾನಿ" ಎಂದಳು. ಅವಳು ಉಲ್ಹಾಸನಗರದವಳು, ಹೆಸರು ದಿವ್ಯಾ. ದೃಷ್ಟಿಯಾಗಬಾರದೆಂದು ಅಜ್ಜಿ ಇಟ್ಟದ್ದಂತೆ, ಒರೆಸಿದರೆ ಮನೆಗೆ ಬರಬೇಡ ಎಂದಿದ್ದಾರಂತೆ. ಅಳುತ್ತಿದ್ದ ನಾನು ನಗತೊಡಗಿದೆ. ಅವಳೂ ನಕ್ಕಳು. ಒಂದೇ ಕೆಲಸಕ್ಕೆ ಬಂದ ಇಬ್ಬರು ನಾವು, ಕೈ ಒಣಗಿಸುವ ಬಿಸಿಗಾಳಿಯ ಯಂತ್ರದ ಕೆಳಗೆ ನನ್ನ ತೋಳು ಹಿಡಿದು ನಗುತ್ತ ನಿಂತಿದ್ದೆವು.

ಬಟ್ಟೆ ಒಣಗಿತು, ಕಲೆ ಹೋಗಲಿಲ್ಲ. ದಿವ್ಯಾ ನನ್ನ ಅಂಗಿಯ ಎರಡೂ ತೋಳುಗಳನ್ನು ಮಡಚಿ ಬ್ಲೇಜರಿನೊಳಗೆ ತುರುಕಿದಳು. "ಕಿಸೀನೇ ಪೂಛಾ ತೋ ಬೋಲ್ ದೇನಾ ಟ್ರೇನ್ ಮೇ ಲಗ್ ಗಯಾ" ಎಂದು, ಯಾರಾದರೂ ಕೇಳಿದರೆ ರೈಲಿನಲ್ಲಿ ಪೆಟ್ಟಾಯಿತೆನ್ನಲು ಹೇಳಿಕೊಟ್ಟು, ಬ್ಯಾಂಡೇಜನ್ನೂ ಮಣಿಕಟ್ಟಿಗೆ ಅಂಟಿಸಲು ಬಂದಳು. ನಾನು ಅದನ್ನು ಜೇಬಿಗೆ ಹಾಕಿಕೊಂಡೆ.

ಒಳಗೆ ಮೂವರಿದ್ದರು. ಮೊದಲು ಕೈ ಕುಲುಕಿದ್ದು ಸರಿಯಾಗಿಯೇ ನಡೆಯಿತು. ಓದಿನ ಪ್ರಶ್ನೆಗಳಿಗೂ ಉತ್ತರ ಕೊಟ್ಟೆ. ಬಿಳಿ ಬೋರ್ಡಿನ ಮೇಲೆ ಏನೋ ಬರೆದು ತೋರಿಸಲು ಹೇಳಿದಾಗ ಕೈ ಎತ್ತಿದೆ ನೋಡಿ, ಮಡಚಿದ ತೋಳು ಬಿಚ್ಚಿಕೊಂಡು ಹೊರಗೆ ಬಂತು. ನಡುವೆ ಕುಳಿತಿದ್ದವರು ಮಾತು ನಿಲ್ಲಿಸಿ, ಕೈಗೆ ಪೆಟ್ಟಾಗಿದೆಯಾ ಎಂದು ಕೇಳಿದರು.

ರೈಲಿನ ಸುಳ್ಳು ನಾಲಿಗೆಯ ತುದಿಗೇ ಇತ್ತು. ಅದನ್ನು ಹೇಳಿದ್ದರೆ ಅವರೇ ಅಯ್ಯೋ ಎನ್ನುತ್ತಿದ್ದರು, ನೀರು ಕೊಡುತ್ತಿದ್ದರು. ಆದರೆ ಅಷ್ಟು ಹೊತ್ತು ಬೈದುಕೊಂಡಿದ್ದ ಅವ್ವನ ಮೇಲೆ ಆ ಕ್ಷಣ ಅದೆಲ್ಲಿಂದ ಮಮತೆ ಉಕ್ಕಿತೋ. ಅವಳ ಹೆಬ್ಬೆರಳನ್ನು ಗಾಯ ಎಂದು ಹೇಳಲು ನನಗಾಗಲಿಲ್ಲ. "ಇಲ್ಲ ಸರ್, ಇದು ಅರಿಶಿನ. ಹೊಸ ಬಟ್ಟೆಗೆ ನಮ್ಮ ತಾಯಿ ಹಚ್ಚುತ್ತಾರೆ" ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಪಕ್ಕದವರು ನಗುತ್ತ, ಇದು ಇಂಟರ್‌ವ್ಯೂ ಅಂಗಿ ಎಂದು ನಿಮ್ಮ ತಾಯಿಗೆ ಗೊತ್ತಿರಲಿಲ್ಲವೇ ಎಂದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೂ ನನಗೆ ಚುರುಕ್ಕೆಂದಿತು. "ಗೊತ್ತಿತ್ತು ಸರ್. ಅದಕ್ಕೇ ಹಚ್ಚಿದ್ದು" ಎಂದುಬಿಟ್ಟೆ.  ಅವರು ಮುಂದಿನ ಪ್ರಶ್ನೆಗೆ ಹೋದರು.

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಇದ್ದಳು. "ಹೆಂಗಾತು?" ಎಂದಳು. "ಚಲೋ ಆತು" ಎಂದೆ. ಅರಿಶಿನದ ಮಾತು ಎತ್ತಲೇ ಇಲ್ಲ. ಆದರೆ ಮರುದಿನ ಬಟ್ಟೆ ಒಗೆಯಲು ಕುಳಿತವಳ ಕೈಗೆ ಆ ತೋಳು ಸಿಕ್ಕಿತು. ತಿಕ್ಕಿ ತಿಕ್ಕಿ ನೂಲೆದ್ದ ಕೆಂಪು ಪಟ್ಟಿ. ನಾನು ಏನು ಮಾಡಿದ್ದೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಕೆಲವು ದಿನಗಳಾದ ಮೇಲೆ ಫಲಿತಾಂಶ ಬಂತು. ದಿವ್ಯಾಳಿಗೆ ಕೆಲಸ ಸಿಕ್ಕಿತ್ತು, ನನಗೆ ಸಿಕ್ಕಿರಲಿಲ್ಲ. ಕಾರಣ ಅವರು ಹೇಳುವುದಿಲ್ಲ. ಅವ್ವ ಮಾತ್ರ ಕಾರಣವನ್ನು ತನ್ನ ತಲೆಯ ಮೇಲೆ ಎಳೆದುಕೊಂಡಳು. "ನಾ ಹಚ್ಚಿದ್ದಕ್ಕ ಹೋತಲ್ಲ ಬೇ?" ಎಂದು ಒಂದೇ ಒಂದು ಸಲ ಕೇಳಿದಳು. ಅಲ್ಲ ಎಂದು ನಾನು ಎಷ್ಟು ಹೇಳಿದರೂ ತಲೆ ಆಡಿಸಿದಳೇ ಹೊರತು ನಂಬಲಿಲ್ಲ.

ಅಂದಿನಿಂದ ಮಧ್ಯಾಹ್ನ ಕೆಲಸ ಮುಗಿಸಿ ಬಂದವಳೇ ಆ ಅಂಗಿಯನ್ನು ಕಿಟಕಿಯ ಗ್ರಿಲ್‌ಗೆ ಹಾಕುತ್ತಿದ್ದಳು. ಅರಿಶಿನದ ಕಲೆ ಬಿಸಿಲಿಗೆ ಹೋಗುತ್ತದಲ್ಲ, ಅದಕ್ಕೆ. ನಮ್ಮ ಕಿಟಕಿಗೆ ಬೀಳುವುದು ಎದುರಿನ ಬಿಲ್ಡಿಂಗಿನ ಸಂದಿಯಿಂದ ಬರುವ ಒಂದು ಪಟ್ಟಿ ಬಿಸಿಲು ಮಾತ್ರ. ಅದು ಸರಿದಂತೆಲ್ಲ ಅವ್ವ ಎದ್ದು ಹೋಗಿ ತೋಳನ್ನು ಸರಿಸಿ ಬರುತ್ತಿದ್ದಳು. ಅಭ್ಯಾಸಕ್ಕೆ ಕುಳಿತ ನಾನು ಅದನ್ನು ನೋಡುತ್ತಿದ್ದೆ. 

ದೀಪಾವಳಿ ಬಂತು. ಅಪ್ಪನಿಗೆ ಅಂಗಿ, ನನಗೆ ಡ್ರೆಸ್ಸು, ಅವ್ವನಿಗೆ ಸೀರೆ ಬಂದವು. ಸ್ನಾನ ಮಾಡಿ ಬಂದಾಗ ಅವ್ವ ನನ್ನ ಡ್ರೆಸ್ಸನ್ನು ಹಾಗೆಯೇ ಕೈಗಿಟ್ಟಳು. ನಾನು ನಾಲ್ಕೂ ಮೂಲೆ ತಿರುಗಿಸಿ ನೋಡಿದೆ. ಎಲ್ಲಿಯೂ ಹಳದಿ ಇಲ್ಲ. ಅಪ್ಪನ ಅಂಗಿಗೂ ಇಲ್ಲ.

"ಯಾಕ, ಅರಿಷಿಣ ಮರ್ತೇನು?" ಎಂದು ಅಪ್ಪ ಕೇಳಿದ.

"ಈಗ ಯಾರು ಹಚ್ತಾರ್ರಿ. ಎಲ್ಲಾ ಹಳೇ ಕಾಲದ್ದು" ಎಂದಳು ಅವ್ವ, ಒಲೆಯ ಕಡೆ ಮುಖ ಮಾಡಿಕೊಂಡು.

ಹೊಸ ಬಟ್ಟೆ ತೊಟ್ಟಿದ್ದೆ, ಆದರೆ ಅದು ಯಾರದೋ ಬಟ್ಟೆಯಂತೆ ಅನಿಸಿತು. ಕೆಲಸ ಕೈತಪ್ಪಿದಾಗ ಆಗದಷ್ಟು ಸಂಕಟ ನನಗೆ ಅವತ್ತು ಆಯಿತು. ಹುಟ್ಟಿದಾಗಿನಿಂದ ನನ್ನ ಮೈಮೇಲಿದ್ದ ಅವಳ ಹೆಬ್ಬೆರಳನ್ನು ಅವಳು ನನಗಾಗಿ ಹಿಂದಕ್ಕೆ ತೆಗೆದುಕೊಂಡಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಥಾಣೆಯ ಇನ್ನೊಂದು ಕಂಪನಿಯಿಂದ ಕರೆ ಬಂತು. ಅದೇ ಬಿಳಿ ಅಂಗಿ. ಬಿಸಿಲು ತನ್ನ ಕೆಲಸ ಮಾಡಿತ್ತು, ಕಲೆಯ ಗುರುತೂ ಇರಲಿಲ್ಲ. ಬೆಳಿಗ್ಗೆ ಅವ್ವ ಅದನ್ನು ಎರಡು ಕೈಯಲ್ಲಿ ಹಿಡಿದು ತಂದು, "ನೋಡು, ಹಾಲಿನಂಗ ಆಗೇತಿ" ಎಂದು ಹೆಮ್ಮೆಯಿಂದ ಕೊಟ್ಟಳು.

ನಾನು ದೇವರ ಮಾಡದಿಂದ ಅರಿಶಿನದ ಡಬ್ಬಿ ತೆಗೆದು ಅವಳ ಮುಂದೆ ಇಟ್ಟೆ. "ಅವ್ವಾ, ಹಚ್ಚು."

ಅವ್ವ ಬೆಚ್ಚಿದಳು. "ಬ್ಯಾಡ ನನ್ನವ್ವ. ಹಳೇ ಅಂಗಿಗೆ ಯಾರರ ಹಚ್ತಾರನು?"

"ನೀ ಹಚ್ಚು."

"ಅವರು ನೋಡ್ತಾರ ಬೇ."

"ನೋಡ್ಲಿ."

ಅವ್ವನ ಕಣ್ಣು ತುಂಬಿದವು. ಹೆಬ್ಬೆರಳನ್ನು ನೀರಿಗೆ ಅದ್ದಿದಳು, ಡಬ್ಬಿಗೆ ಒತ್ತಿದಳು, ಆಮೇಲೆ ಯಾವ ಮೂಲೆಗೆ ಎಂದು ತಿಳಿಯದೆ ಅಂಗಿಯನ್ನು ಸುಮ್ಮನೆ ನೋಡಿದಳು. ಆಗ ನಾನು ಕೇಳಿದೆ, "ಅವತ್ತು ತೋಳಿಗೆ ಯಾಕ ಹಚ್ಚಿದ್ದಿ? ಯಾವಾಗ್ಲೂ ಕೆಳಗಿನ ತುದಿಗೆ ಹಚ್ಚತಿದ್ಯಲ್ಲ?"

"ಕೆಳಗಿನ ತುದಿ ಪ್ಯಾಂಟಿನೊಳಗ ಹೋಗ್ತೈತಿ, ದೇವರ ಅರಿಷಿಣ ಅಲ್ಲಿ ಹೆಂಗ ಹಚ್ಚಲಿ? ಅದಕ್ಕ ಬಲಗೈ ತೋಳಿನ ಒಳಗ, ಯಾರಿಗೂ ಕಾಣದಂಗ ಹಚ್ಚಿದ್ದೆ. ನೀನ ಹೇಳಿದ್ಯಲ್ಲ, ಅವರು ಮೊದಲು ಕೈ ಹಿಡೀತಾರ ಅಂತ. ಅಷ್ಟು ದೊಡ್ಡ ಮಂದಿ ನನ್ನ ಮಗಳ ಕೈ ಹಿಡಿಯೋವಾಗ ನಾನೂ ಅಲ್ಲೇ ಇರಬೇಕು ಅನಿಸ್ತು."

 ನಾನು ಬಲಗೈ ತೋಳನ್ನು ತಿರುವಿ ಅವಳ ಮುಂದೆ ಹಿಡಿದೆ. ಅವ್ವ ಅದೇ ಜಾಗಕ್ಕೆ ಹೆಬ್ಬೆರಳು ಒತ್ತಿದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, ನಾನು ಕಲಿಸಿದ್ದ ಹಾಗೆಯೇ ಕಣ್ಣಲ್ಲಿ ಕಣ್ಣಿಟ್ಟು, ಬಿಗಿಯಾಗಿ ನನ್ನ ಕೈ ಕುಲುಕಿದಳು. ಈ ಸಲ ನಾನು ಕೂಗಲಿಲ್ಲ.

ಆ ಕೆಲಸ ನನಗೆ ಸಿಕ್ಕಿತು. ಈಗಲೂ ಅಲ್ಲಿಯೇ ಇದ್ದೇನೆ. ಅರಿಶಿನದಿಂದಲೇ ಸಿಕ್ಕಿತು ಎಂದು ಹೇಳಲಾರೆ. ದಿನವೂ ಹೊಸಬರು ಬರುತ್ತಾರೆ, ಕೈ ಮುಂದೆ ಮಾಡುತ್ತಾರೆ. ನಾನು ಬಿಗಿಯಾಗಿ ಹಿಡಿಯುತ್ತೇನೆ. ಒಬ್ಬಳೇ ಹಿಡಿದಿದ್ದೇನೆ ಎಂದು ನನಗೆ ಅಂದಿನಿಂದ ಒಮ್ಮೆಯೂ ಅನಿಸಿಲ್ಲ.